ಮಾರ್ಕ್ 8, ಎಲ್ಡೊರಾಡೊ, ರಿವಿಯೆರಾ: ಯಾವ ಕಾಯಿಲೆ ವಾಸಿ?

ಡೆಟ್ರಾಯಿಟ್ ಮಾಡಿದ ಕೊನೆಕೊನೆಯ ಎರಡು ಬಾಗಿಲಿನ ದೊಡ್ಡ ಐಷಾರಾಮಿ ಕಾರುಗಳು ಇವು: ಲಿಂಕನ್ ಮಾರ್ಕ್ 8 (1993–98), ಕ್ಯಾಡಿಲಾಕ್ ಎಲ್ಡೊರಾಡೊ (1992–2002), ಬ್ಯೂಯಿಕ್ ರಿವಿಯೆರಾ (1995–99). ಮಾರ್ಕ್ ಮತ್ತು ರಿವಿಯೆರಾ 207 ಇಂಚಿನ ಆಸುಪಾಸು, ಅಂದರೆ ಹದಿನೇಳು ಅಡಿಗೂ ಉದ್ದ. ಎಲ್ಡೊರಾಡೊ ತುಸು ಗಿಡ್ಡ. ಕೊಳ್ಳುವ ಮೊದಲು ನಿಮ್ಮ ಗ್ಯಾರೇಜನ್ನು ಟೇಪು ಹಿಡಿದು ಅಳೆದುಕೊಳ್ಳಿ.

ಸೀಟು, ಸ್ಟೀರಿಯೋ, ಪಿಕಪ್ ಅಂತ ಹೋಲಿಸುತ್ತ ಕೂತರೆ ಮೂರೂ ಚೆನ್ನಾಗಿಯೇ ಕಾಣುತ್ತವೆ. ಇಷ್ಟು ವಯಸ್ಸಾದ ಕಾರಿಗೆ ಆ ಲೆಕ್ಕ ಸಾಲದು. ಇಲ್ಲಿ ಹೋಲಿಸಬೇಕಾದ್ದು ಕಾಯಿಲೆಗಳನ್ನು: ಯಾವುದು ಮನೆಯಂಗಳದಲ್ಲೇ ವಾಸಿಯಾಗುತ್ತದೆ, ಯಾವುದಕ್ಕೆ ಇಂಜಿನ್ನನ್ನೇ ಇಳಿಸಬೇಕು. ಮೂರನ್ನೂ ಓಡಿಸಿ, ಬಿಚ್ಚಿ, ಜೋಡಿಸಿ ನೋಡಿದ ಮೇಲೆ ನಮ್ಮ ತೀರ್ಮಾನ ಹೀಗಿದೆ. ದಿನಬಳಕೆಗೆ ಸೂಪರ್‌ಚಾರ್ಜರ್ (ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು) ಇರುವ ರಿವಿಯೆರಾ. ಓಡಿಸುವ ಖುಷಿಗೆ ಮಾರ್ಕ್ 8. ಎಲ್ಡೊರಾಡೊ ಆದರೆ, ಹೆಡ್ ಬೋಲ್ಟಿನ (ಇಂಜಿನ್ನಿನ ಮೇಲಿನ ಮುಚ್ಚಳವನ್ನು ಬಿಗಿದಿಡುವ ಬೋಲ್ಟು) ಕೆಲಸ ಆಗಿದೆ ಎನ್ನುವ ರಿಪೇರಿ ಬಿಲ್ ಕೈಯಲ್ಲಿದ್ದರೆ ಮಾತ್ರ.

ಎಲ್ಡೊರಾಡೊವನ್ನೇ ಮೊದಲು ನೋಡೋಣ, ಯಾಕೆಂದರೆ ಜನ ಮೋಸಹೋಗುವುದು ಇಲ್ಲೇ. 1993ರಿಂದ ಬಂದ 4.6 ಲೀಟರಿನ ನಾರ್ತ್‌ಸ್ಟಾರ್ ವಿ8 ಓಡುವಾಗ ಬೆಣ್ಣೆ. 1995ರಿಂದ ಟೂರಿಂಗ್ ಕೂಪೆಯಲ್ಲಿ 300 ಅಶ್ವಶಕ್ತಿ, ಸಾದಾ ಮಾದರಿಯಲ್ಲಿ 275. ಆದರೆ ಬ್ಲಾಕ್, ಅಂದರೆ ಇಂಜಿನ್ನಿನ ಒಡಲು, ಅಲ್ಯೂಮಿನಿಯಂ. ಎರಡು ಹೆಡ್ಡುಗಳನ್ನು ಹಿಡಿದಿರುವ ಇಪ್ಪತ್ತು ಬೋಲ್ಟುಗಳ ಥ್ರೆಡ್ ನೇರವಾಗಿ ಆ ಅಲ್ಯೂಮಿನಿಯಂನಲ್ಲೇ ಕೂತಿದೆ. ಬಿಸಿ-ತಂಪಿನ ಎಳೆದಾಟದ ಜೊತೆಗೆ ಕೂಲೆಂಟ್ (ಇಂಜಿನ್ನನ್ನು ತಂಪಾಗಿಡುವ ದ್ರವ) ಹಳತಾಗಿ ತುಕ್ಕು ತಡೆಯುವ ಗುಣ ಕಳೆದುಕೊಂಡರೆ ಥ್ರೆಡ್ ಪುಡಿಯಾಗಿ ಬೋಲ್ಟಿನ ಬಿಗಿ ಸಡಿಲವಾಗುತ್ತದೆ. ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ದಾಟಿ ಸಿಲಿಂಡರಿನ ಗ್ಯಾಸು ಕೂಲೆಂಟಿಗೆ ನುಗ್ಗುತ್ತದೆ.

ಡಿಪ್‌ಸ್ಟಿಕ್ ಎಳೆದು, ಆಯಿಲು ಹಾಲಿನ ಬಣ್ಣಕ್ಕೆ ತಿರುಗಿಲ್ಲ, ಆದ್ದರಿಂದ ಗ್ಯಾಸ್ಕೆಟ್ ಸರಿಯಿದೆ ಎಂದು ಮಾರುವವರು ತೋರಿಸುತ್ತಾರೆ. ನಂಬಬೇಡಿ. ಈ ಇಂಜಿನ್ನಿನಲ್ಲಿ ಗ್ಯಾಸ್ಕೆಟ್ ಹೋದರೂ ಸಾಮಾನ್ಯವಾಗಿ ಆಯಿಲಿಗೆ ನೀರು ಬೆರೆಯುವುದಿಲ್ಲ. ಊರೊಳಗೆ ತಣ್ಣಗಿದ್ದು ಹೆದ್ದಾರಿಯ ಏರಿನಲ್ಲಿ ಬಿಸಿಯಾಗುವುದು, ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಕ್ಕೆ ಮೇಲಿನ ಹೋಸ್ ಕಲ್ಲಿನಂತಾಗುವುದು: ಗಮನಿಸಬೇಕಾದ್ದು ಇವನ್ನು. ಇಪ್ಪತ್ತು ಮೈಲಿ ಜೋರಾಗಿ ಓಡಿಸಿ ಬಂದು, ಒತ್ತಡ ಇಳಿದ ಮೇಲೆ ಸರ್ಜ್ ಟ್ಯಾಂಕಿನ (ಕೂಲೆಂಟ್ ತುಂಬುವ ಡಬ್ಬಿ) ಬಾಯಿಗೆ ಬ್ಲಾಕ್ ಟೆಸ್ಟರ್ ಇಡಿ, ಕೂಲೆಂಟಿಗೆ ಗ್ಯಾಸು ಸೇರಿದ್ದರೆ ಬಣ್ಣ ಬದಲಿಸುವ ದ್ರವ ಇದರಲ್ಲಿದೆ. ಟ್ಯಾಂಕಿನಿಂದ ಸ್ವಲ್ಪ ಕೂಲೆಂಟ್ ಹೀರಿ ತೆಗೆದಿರಬೇಕು, ಇಲ್ಲದಿದ್ದರೆ ಟೆಸ್ಟರಿಗೆ ಗಾಳಿಯ ಬದಲು ಕೂಲೆಂಟೇ ಏರುತ್ತದೆ. ಟೆಸ್ಟರಿನ ನೀಲಿ ದ್ರವ ಹಳದಿಗೆ ತಿರುಗಿತೋ, ಕೀ ಕೊಟ್ಟು ನಮಸ್ಕಾರ ಹೇಳಿ ಬನ್ನಿ.

ದ್ರವ ನೀಲಿಯಾಗಿಯೇ ಉಳಿದೂ ಕಾರು ಬಿಸಿಯಾಗುತ್ತಿದ್ದರೆ ಚೌಕಾಸಿಗೆ ಒಳ್ಳೆಯ ಅವಕಾಶ. ಇಂಜಿನ್ನಿನ ಮೇಲಿನಿಂದ ಸರ್ಜ್ ಟ್ಯಾಂಕಿಗೆ ಬರುವ ಸಣ್ಣ ಪರ್ಜ್ ಹೋಸನ್ನು ಇಂಜಿನ್ ತಣ್ಣಗಿರುವಾಗಲೇ ಟ್ಯಾಂಕಿನ ಕಡೆ ಬಿಚ್ಚಿ, ಸ್ಟಾರ್ಟ್ ಮಾಡಿ. ಕೂಲೆಂಟ್ ಧಾರೆಯಾಗಿ ಬರಬೇಕು. ಬರದಿದ್ದರೆ ದಾರಿ ಕಟ್ಟಿದೆ, ಒಳಗೆ ಗಾಳಿ ಸಿಕ್ಕಿಕೊಂಡಿದೆ. ತಂತಿ ಹಾಕಿ ಕೆದಕಿದರೆ ಬಿಟ್ಟುಕೊಳ್ಳುತ್ತದೆ. ಖರ್ಚು ಸೊನ್ನೆ.

ಥ್ರೆಡ್ಡೇ ಹೋಗಿದ್ದರೆ ಇಂಜಿನ್ ಹೊರಗೆ. ಇಪ್ಪತ್ತು ತೂತನ್ನೂ ಕೊರೆದು, ಟ್ಯಾಪ್ ಹೊಡೆದು, ಉಕ್ಕಿನ ಇನ್ಸರ್ಟ್ ಇಲ್ಲವೇ ಸ್ಟಡ್ ಕೂರಿಸಬೇಕು. ಕಿತ್ತುಬಂದ ನಾಲ್ಕನ್ನಷ್ಟೇ ರಿಪೇರಿ ಮಾಡಿದ್ದಾರೆ ಅಂದರೆ ಉಳಿದ ಹದಿನಾರು ಸರದಿಯಲ್ಲಿವೆ ಅಂತಲೇ ಅರ್ಥ. 2000ದಲ್ಲಿ ಇಂಜಿನ್ ಪರಿಷ್ಕಾರವಾಗಿ ಸಾದಾ ಪೆಟ್ರೋಲಿನಲ್ಲೂ ಓಡುವಂತಾಯಿತು. ಬೋಲ್ಟಿನ ಥ್ರೆಡ್ ದಪ್ಪವಾದದ್ದು ಮಾತ್ರ ಎಲ್ಡೊರಾಡೊ ನಿಂತುಹೋದ ಮೇಲೆ, 2004ರಲ್ಲಿ. ಆದ್ದರಿಂದ ಕೊನೆಯ ವರ್ಷದ ಕಾರು ಎಂದಮಾತ್ರಕ್ಕೆ ಮೈಮರೆಯಬೇಡಿ. 1996ರಿಂದೀಚಿನವಕ್ಕೆ ಡೆಕ್ಸ್‌ಕೂಲ್ ಕೂಲೆಂಟ್, ಐದು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಿ. ಆಯಿಲು ಏಳೂವರೆ ಕ್ವಾರ್ಟ್ (ಕ್ವಾರ್ಟ್ ಅಂದರೆ ಲೀಟರಿಗಿಂತ ತುಸು ಕಮ್ಮಿ) ಹಿಡಿಯುತ್ತದೆ, ನಡುನಡುವೆ ಕುಡಿಯುತ್ತದೆ ಕೂಡ. ಒಂದು ಅನುಕೂಲ ಒಪ್ಪಲೇಬೇಕು: ಕೀ ಆನ್ ಮಾಡಿ ಎಸಿಯ ಆಫ್ ಮತ್ತು ವಾರ್ಮರ್ ಬಟನ್ನುಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಕಾರು ತನ್ನ ತಪ್ಪುಗಳ ಕೋಡುಗಳನ್ನು ತಾನೇ ಒಂದೊಂದಾಗಿ ತೋರಿಸುತ್ತದೆ.

ಮಾರ್ಕ್ 8ರದ್ದೂ 4.6 ಲೀಟರ್, ಅಲ್ಯೂಮಿನಿಯಂ ಬ್ಲಾಕ್. ಆದರೆ ಈ ಹೆಡ್ ಬೋಲ್ಟಿನ ಶಾಪ ಇದಕ್ಕಿಲ್ಲ. 280 ಅಶ್ವಶಕ್ತಿ, 1995ರಿಂದ ಬಂದ ಎಲ್ಎಸ್‌ಸಿ ಮಾದರಿಯಲ್ಲಿ 290. ಮೂರರಲ್ಲಿ ಹಿಂದಿನ ಚಕ್ರ ತಳ್ಳುವುದು ಇದೊಂದೇ, ತಿರುವಿನಲ್ಲಿ ಸ್ಟಿಯರಿಂಗ್ ಹಿಡಿದರೆ ತಕ್ಷಣ ಗೊತ್ತಾಗುತ್ತದೆ. ಇದರ ಕಾಯಿಲೆ ಗಾಳಿಯದು. ನಾಲ್ಕೂ ಚಕ್ರಕ್ಕೆ ಏರ್ ಸಸ್ಪೆನ್ಷನ್. ರಬ್ಬರ್ ಚೀಲ ಮಡಿಚುವ ಜಾಗದಲ್ಲಿ ಬಿರುಕು ಬಿಟ್ಟು ಗಾಳಿ ಸೋರುತ್ತದೆ. ಸೋರಿದ್ದನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಜನ ಹೊಸ ಕಂಪ್ರೆಸರ್ ಹಾಕಿ, ಹಳೇ ಚೀಲ ಬಿಟ್ಟು, ಮತ್ತೆ ಅದನ್ನೇ ಸುಡುತ್ತಾರೆ. ಮೊದಲು ಸೋರಿಕೆ ನಿಲ್ಲಿಸಿ. ರಾತ್ರಿ ಮಟ್ಟವಾಗಿ ನಿಂತ ಕಾರು ಬೆಳಗ್ಗೆ ಯಾವ ಮೂಲೆಯಲ್ಲಿ ಕುಸಿದಿದೆಯೋ ಅಲ್ಲಿ ಸೋಪಿನ ನೀರು ಸಿಂಪಡಿಸಿ. ಗುಳ್ಳೆ ಚೀಲದ ಮಡಿಕೆಯಲ್ಲಿ ಎದ್ದರೆ ಚೀಲ ಬದಲಿಸಿ. ಸಾಲಿನಾಯ್ಡ್ (ಚೀಲದ ವಿದ್ಯುತ್ ಕವಾಟ) ಬುಡದಲ್ಲಿ ಎದ್ದರೆ ಬರೀ ಓ-ರಿಂಗ್ ಸಾಕು.

ಜ್ಯಾಕ್ ಹಾಕುವ ಮುನ್ನ ಡಿಕ್ಕಿಯೊಳಗಿನ ಏರ್ ಸಸ್ಪೆನ್ಷನ್ ಸ್ವಿಚ್ ಆಫ್ ಮಾಡಲೇಬೇಕು. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಸಾಲಿನಾಯ್ಡನ್ನು ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ. ಬುಸ್ಸೆಂದು ಗಾಳಿ ಹೋಗುತ್ತದೆ. ಸದ್ದು ಪೂರ್ತಿ ನಿಂತ ಮೇಲೆಯೇ ಎರಡನೇ ತಡೆಗೆ ತಿರುಗಿಸಿ ಎಳೆಯಿರಿ. ಆತುರಪಟ್ಟರೆ ಅದು ಗುಂಡಿನಂತೆ ಹಾರುತ್ತದೆ. ಹೊಸ ಚೀಲ ಹಾಕಿದ ಮೇಲೆ ಗಾಳಿ ತುಂಬದೆ ಕಾರನ್ನು ಅದರ ಮೇಲೆ ಇಳಿಸಿದರೆ ರಬ್ಬರು ಅಡ್ಡಾದಿಡ್ಡಿ ಮಡಿಚಿ ಹರಿಯುತ್ತದೆ. ಕಾಯಿಲ್ ಸ್ಪ್ರಿಂಗ್ ಕಿಟ್‌ಗಳೂ ಸಿಗುತ್ತವೆ. ತಲೆನೋವು ಹೋಗುತ್ತದೆ ನಿಜ, ತೇಲುವ ಸುಖವೂ ಹೋಗುತ್ತದೆ. ಆ ಸುಖಕ್ಕಲ್ಲದೆ ಈ ಕಾರು ಕೊಳ್ಳುವುದಾದರೂ ಯಾಕೆ?

ಗೇರ್‌ಬಾಕ್ಸ್ 4ಆರ್70ಡಬ್ಲ್ಯೂ, ಗಟ್ಟಿ. ನಲವತ್ತೈದು ಮೈಲಿ ವೇಗದಲ್ಲಿ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದಾಗ ರಂಬಲ್ ಸ್ಟ್ರಿಪ್ ಮೇಲೆ ಹೋದಂತೆ ನಡುಗಿದರೆ ಅದು ಇಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ನಡುಕ. ಬಾಕ್ಸ್ ಬಿಚ್ಚಿಸುವ ಮುಂಚೆ ಹಳೇ ಗೇರ್ ಆಯಿಲು ಪೂರ್ತಿ ಇಳಿಸಿ ಮರ್ಕಾನ್-ವಿ ಆಯಿಲು ಹಾಕಿ ನೋಡಿ. ಕನ್ವರ್ಟರಿಗೇ ಡ್ರೇನ್ ಪ್ಲಗ್ ಇದೆ, ಒಟ್ಟು ಸುಮಾರು 14 ಕ್ವಾರ್ಟ್ ಬೇಕು. ಪ್ಯಾನ್ ಮಾತ್ರ ಇಳಿಸಿದರೆ ಅರ್ಧವೂ ಬರುವುದಿಲ್ಲ. 1997–98ರಲ್ಲಿ ಹಿಂದಿನ ಅಡ್ಡ ದೀಪ ನಿಯಾನ್. ನೋಡಲು ಚೆಂದ, ಕೆಟ್ಟರೆ ಬದಲಿ ಸಿಗುವುದು ಕಷ್ಟ.

ಇನ್ನು ರಿವಿಯೆರಾ. ವಿ6 ಎಂದು ಮೂಗು ಮುರಿಯುವವರು ಮುರಿಯಲಿ, ಈ 3.8 ಲೀಟರಿನ ಇಂಜಿನ್ನಿಗೆ ಎರಡು ಲಕ್ಷ ಮೈಲಿ ದೊಡ್ಡ ಮಾತಲ್ಲ. 1996ರಿಂದ ಸೂಪರ್‌ಚಾರ್ಜರಿನದು 240 ಅಶ್ವಶಕ್ತಿ. 1998ರಿಂದ ಎಲ್ಲದಕ್ಕೂ ಅದೇ. ಸೂಪರ್‌ಚಾರ್ಜರ್ ಇಲ್ಲದ 1995–97ರ ಕಾರಿನಲ್ಲಿ ಇಂಟೇಕಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಭಾಗ) ಮೇಲ್ಭಾಗ ಪ್ಲಾಸ್ಟಿಕ್. ಹೊಗೆಯನ್ನು ಮರಳಿ ಇಂಜಿನ್ನಿಗೆ ಒಯ್ಯುವ ಇಜಿಆರ್ ಕೊಳವೆಯ ಶಾಖಕ್ಕೆ ಅದು ಕರಗಿ ಕೂಲೆಂಟ್ ಸಿಲಿಂಡರಿಗೆ ಇಳಿದರೆ ಇಂಜಿನ್ ಬೀಗಬಿದ್ದಂತೆ ನಿಲ್ಲುತ್ತದೆ. ಸೂಪರ್‌ಚಾರ್ಜರಿನದಕ್ಕೆ ಈ ಭಾಗವೇ ಇಲ್ಲ.

ಬೆಲ್ಟ್ ಟೆನ್ಷನರ್ ಬ್ರಾಕೆಟ್ ಮತ್ತು ಇಂಟೇಕಿನ ನಡುವೆ ಎರಡು ಪ್ಲಾಸ್ಟಿಕ್ ಕೂಲೆಂಟ್ ಎಲ್ಬೋಗಳಿವೆ (ಬಾಗಿದ ಗಿಡ್ಡ ಕೊಳವೆ). ಇಕ್ಕಳ ಸೋಕಿದರೆ ಹಪ್ಪಳದಂತೆ ಪುಡಿಯಾಗುತ್ತವೆ. ಸೋರದಿದ್ದರೂ ಕೊಂಡ ವಾರವೇ ಎರಡನ್ನೂ ಬದಲಿಸಿ, ತೂತಿನೊಳಗೆ ಉಳಿದ ಚೂರುಗಳನ್ನು ಪೂರ್ತಿ ಕೆರೆದು ತೆಗೆಯಿರಿ. ಐಡಲಿನಲ್ಲಿ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಬಂದು, ವೇಗ ಏರಿಸಿದರೆ ಮಾಯವಾದರೆ, ಸೂಪರ್‌ಚಾರ್ಜರ್ ಮೂತಿಯೊಳಗಿನ ಕಪ್ಲರ್ ಸವೆದಿದೆ. ಬದಲಿಸುವಾಗ ಅದರದೇ ಆಯಿಲು ನಾಲ್ಕು ಔನ್ಸ್ ಹಾಕಿ. ಹಳೆಯದರ ನಾತ ಎರಡು ದಿನ ಕೈ ಬಿಡುವುದಿಲ್ಲ. ಪೆಟ್ರೋಲು ಪ್ರೀಮಿಯಂ ಮಾತ್ರ.

1997ರಿಂದೀಚಿನ ರಿವಿಯೆರಾದಲ್ಲಿ ನಿಜಕ್ಕೂ ದುಬಾರಿಯಾಗುವುದು ಗೇರ್‌ಬಾಕ್ಸಿನ ಪ್ರೆಷರ್ ಕಂಟ್ರೋಲ್ ಸಾಲಿನಾಯ್ಡ್ (ಆಯಿಲಿನ ಒತ್ತಡ ಹಿಡಿತದಲ್ಲಿಡುವ ಕವಾಟ). ಒಂದರಿಂದ ಎರಡನೇ ಗೇರಿಗೆ ಹಿಂದಿನಿಂದ ಒದ್ದಂತೆ ಬಿದ್ದರೆ ಅನುಮಾನಿಸಿ. ಪಕ್ಕದ ಕವರಿನ ಒಳಗಿರುವುದರಿಂದ ಇಂಜಿನ್ ಹೊತ್ತ ಚೌಕಟ್ಟನ್ನು (ಕ್ರೇಡಲ್) ಇಳಿಸದೆ ಕೈಗೆ ಸಿಗುವುದಿಲ್ಲ. ಟೆಸ್ಟ್ ಡ್ರೈವಿನಲ್ಲಿ ಗೇರ್‌ಬಾಕ್ಸ್ ಪೂರ್ತಿ ಬಿಸಿಯಾಗುವವರೆಗೆ, ಅರ್ಧ ಗಂಟೆಯಾದರೂ ಓಡಿಸಿ.

ಮೂರಕ್ಕೂ ಅನ್ವಯಿಸುವ ಎರಡು ಪರೀಕ್ಷೆಗಳಿವೆ. ಬಾಗಿಲನ್ನು ಪೂರ್ತಿ ತೆರೆದು ತುದಿ ಹಿಡಿದು ಮೇಲೆತ್ತಿ, ಲಟಪಟ ಅಂದರೆ ಹಿಂಜ್ ಸವೆದಿದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್, ಒಹಾಯೊ ಕಡೆಯ ಕಾರಾದರೆ ಕೆಳಗೆ ಮಲಗಿ ಬ್ರೇಕ್ ಪೈಪು ಮತ್ತು ಜ್ಯಾಕ್ ಪಾಯಿಂಟುಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಸ್ಕ್ರೂಡ್ರೈವರ್ ಒಳಗೆ ಹೋದರೆ ಮೇಲಿನ ಇಂಜಿನ್ ಎಷ್ಟೇ ಚೆನ್ನಾಗಿದ್ದರೂ ಮುಂದಿನ ಕಾರಿಗೆ ನಡೆಯಿರಿ.