ಒಂದೇ ದುಃಖ, ಎರಡು ಪುಸ್ತಕ: ಸಾವಾದ ಮನೆಯಲ್ಲಿ ಕಾದಂಬರಿಯನ್ನೂ ಆತ್ಮಕಥೆಯನ್ನೂ ಓದಿ ನೋಡಿದ್ದು

ಸಾವಾದ ಮನೆಗೆ ಯಾವ ಪುಸ್ತಕ ಒಯ್ಯಬೇಕು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ: ಮೊದಲು ಆತ್ಮಕಥೆ ಒಯ್ಯಿರಿ, ಕಾದಂಬರಿ ಆಮೇಲೆ. ಎರಡನ್ನೂ ಒಂದೇ ಮನೆಯಲ್ಲಿ, ಒಂದೇ ಕಾಲದಲ್ಲಿ ಓದಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಕಾರಟಗಿಯಲ್ಲಿ ನಮ್ಮ ಅಕ್ಕನ ಗಂಡ ಎದೆನೋವು ಎಂದು ಮಲಗಿದವರು ಮತ್ತೆ ಏಳಲಿಲ್ಲ. ರೈಸ್ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ಭತ್ತದ ಸುಗ್ಗಿ ಬಂತೆಂದರೆ ಮನೆಗೆ ಬರುವ ಹೊತ್ತಿಗೆ ಮಕ್ಕಳು ನಿದ್ದೆ ಹೋಗಿರುತ್ತಿದ್ದವು. ಮಣ್ಣಾದ ಮೇಲೆ ಮಾತಾಡಿಸಲು ಬಂದವರೆಲ್ಲ ಒಂದೇ ಮಾತು ಹೇಳಿ ಹೋದರು: ‘ಧೈರ್ಯ ತಗೋಬೇಕವ್ವಾ.’ ಎಲ್ಲಿಂದ ತಗೋಬೇಕು ಎಂಬುದನ್ನು ಯಾರೂ ಹೇಳಲಿಲ್ಲ. ನಾನು ಗಂಗಾವತಿಯಲ್ಲಿ ಶಿಕ್ಷಕಿ. ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ ಹತ್ತಿ ಹೋಗಿ ಭಾನುವಾರ ಪೂರ್ತಿ ಅಕ್ಕನ ಹತ್ತಿರ ಇರುತ್ತಿದ್ದೆ. ಇಡೀ ದಿನ ಏನು ಮಾತಾಡುವುದು? ಓದಿ ಹೇಳತೊಡಗಿದೆ. ಅಕ್ಕ ಏಳನೇ ತರಗತಿ ಓದಿದವಳು, ಕೇಳುವುದು ಅವಳಿಗೆ ಹಿಡಿಸುತ್ತದೆ. ಪಿಯುಸಿ ಓದುವ ಅವಳ ಮಗ ಪಕ್ಕದ ಕೋಣೆಯಿಂದಲೇ ಕಿವಿಗೊಟ್ಟು, ಆಮೇಲೆ ಪುಸ್ತಕ ಇಸಿದುಕೊಂಡು ತಾನೇ ಓದುತ್ತಿದ್ದ.

ಹೋಲಿಸಿ ನೋಡಲು ಎಸ್. ಎಲ್. ಭೈರಪ್ಪನವರ ಎರಡು ಪುಸ್ತಕಕ್ಕಿಂತ ಒಳ್ಳೆಯ ಜೋಡಿ ಕನ್ನಡದಲ್ಲಿ ನನಗೆ ಕಂಡಿಲ್ಲ. 1970ರ ‘ಗೃಹಭಂಗ’ ಕಾದಂಬರಿ, 1996ರ ‘ಭಿತ್ತಿ’ ಆತ್ಮಕಥೆ. ಪ್ಲೇಗು ಬಂದ ಊರು, ಹೊಣೆಗೇಡಿ ಅಪ್ಪ, ಒಬ್ಬಳೇ ಸಂಸಾರ ಎಳೆದ ತಾಯಿ, ಒಂದರ ಹಿಂದೆ ಒಂದು ಹೆಣ ಬಿದ್ದ ಮನೆ. ಎರಡಕ್ಕೂ ಬೇರು ಒಂದೇ. ಬರೆದವರೂ ಒಬ್ಬರೇ. ಹಾಗಿದ್ದರೂ ಕೇಳುವವರ ಎದೆಯೊಳಗೆ ಇವು ಮಾಡುವ ಕೆಲಸ ಬೇರೆ ಬೇರೆ.

‘ಗೃಹಭಂಗ’ದ ನಂಜಮ್ಮನನ್ನು ಅಕ್ಕ ಬೇಗ ತನ್ನವಳೆಂದುಕೊಂಡಳು. ಗಂಡ ಚೆನ್ನಿಗರಾಯ ಹೆಸರಿಗೆ ಶ್ಯಾನುಭೋಗ, ಲೆಕ್ಕ ಬರೆಯಲು ಬಾರದು. ಆ ಲೆಕ್ಕವನ್ನೆಲ್ಲ ಕೂತು ಬರೆಯುವವಳು ನಂಜಮ್ಮ. ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ನೋಡುವವಳೂ ಅವಳೇ. ಅಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೇಳುತ್ತಿದ್ದವಳು ಕೈ ನಿಲ್ಲಿಸಿ, ‘ಆಕಿ ಲೆಕ್ಕ ಬರಕೋತ ಕುಂತಾಳಲ್ಲ, ಅದನ್ನ ಇನ್ನೊಮ್ಮೆ ಓದು’ ಎಂದಳು. ಮಿಲ್ಲಿನಿಂದ ಬರಬೇಕಾದ ದುಡ್ಡಿನ ಲೆಕ್ಕದ ಚೀಟಿಗಳು ಆಗ ಅವಳ ಟ್ರಂಕಿನಲ್ಲಿ ಹಾಗೇ ಬಿದ್ದಿದ್ದವು. ಅತ್ತೆ ಗಂಗಮ್ಮನ ಬೈಗುಳ ಬಂದಾಗ ನಕ್ಕಳು ಕೂಡ. ಆ ಮನೆಯಲ್ಲಿ ಬಹಳ ದಿನಗಳ ಮೇಲೆ ಕೇಳಿದ ನಗು ಅದು. ಅಲ್ಲಿಯ ಮಾತು ತಿಪಟೂರು, ಚನ್ನರಾಯಪಟ್ಟಣದ ಕಡೆಯದು; ನಮ್ಮ ಕಡೆಯವರಿಗೆ ಮೊದಲು ಸ್ವಲ್ಪ ತೊಡಕಾಗುತ್ತದೆ, ನಾಲ್ಕು ಪುಟ ದಾಟಿದರೆ ಕಿವಿಗೆ ಒಗ್ಗುತ್ತದೆ.

ಆದರೆ ಪ್ಲೇಗು ಬಂದು ನಂಜಮ್ಮನ ಮಕ್ಕಳಾದ ಪಾರ್ವತಿ, ರಾಮಣ್ಣ ಇಬ್ಬರೂ ಹೋದಾಗ ಅಕ್ಕ ‘ಸಾಕು, ಮುಚ್ಚು’ ಎಂದಳು. ಮುಂದೆ ನಂಜಮ್ಮನೂ ಉಳಿಯುವುದಿಲ್ಲ. ಕೊನೆಗೆ ಆ ಮನೆಯಿಂದ ಜಂಗಮ ಮಾದೇವಯ್ಯನವರ ಜೊತೆ ಹೊರಡುವವನು ಅವಳ ಕಿರಿಯ ಮಗ ವಿಶ್ವ ಒಬ್ಬನೇ. ಕಾದಂಬರಿಯಾಗಿ ಅದು ಸರಿಯಾದ ಕೊನೆ, ಒಂದು ಸಾಲೂ ತೆಗೆಯುವ ಹಾಗಿಲ್ಲ. ನಾನು ಅದನ್ನು ಒಬ್ಬಳೇ ಓದಿ ಮುಗಿಸಿದ ರಾತ್ರಿ ಭಾವನಿಗಾಗಿ ಅತ್ತಷ್ಟು ಅವರ ಮಣ್ಣಿನ ದಿನವೂ ಅತ್ತಿರಲಿಲ್ಲ. ಆ ದಿನ ಅಡುಗೆ, ಬಂದವರು, ಹೋದವರು, ಅಳಲು ಪುರಸೊತ್ತೆಲ್ಲಿತ್ತು? ಒಳಗೇ ಉಳಿದುಹೋದ ಅಳುವನ್ನು ಕಾದಂಬರಿ ಹೊರಗೆ ತರುತ್ತದೆ. ಅಳುವುದಕ್ಕೂ ಒಂದು ಶಕ್ತಿ ಬೇಕಾಗುತ್ತದೆ. ಅಕ್ಕನಿಗೆ ಅದು ಇನ್ನೂ ಬಂದಿರಲಿಲ್ಲ.

‘ಭಿತ್ತಿ’ ಓದಿದ್ದು ಅಕ್ಕನ ಮಗ. ಅಲ್ಲಿಯ ಸಾವುಗಳು ಕಾದಂಬರಿಗಿಂತ ಒಣಗಿದ ಮಾತಿನಲ್ಲಿ ಬರುತ್ತವೆ. ಸತ್ತ ತಮ್ಮನನ್ನು ಹುಡುಗ ತಾನೇ ಹೆಗಲ ಮೇಲೆ ಹೊತ್ತು ಸ್ಮಶಾನಕ್ಕೆ ನಡೆಯುವ ಪ್ರಸಂಗ ಓದಿದಾಗ ನನಗೆ ಮುಂದಿನ ಪುಟ ತಿರುವಲು ಕೈ ಬರಲಿಲ್ಲ. ಅವನು ಮಾತ್ರ ಕೂತಲ್ಲೇ ಅದನ್ನು ದಾಟಿ ಹೋಗಿದ್ದ. ಹೇಗೋ ಎಂದು ಕೇಳಿದೆ. ‘ಚಿಗವ್ವ, ಬರದವರು ಬದುಕಿ ಉಳದಾರಲ್ಲ, ಅದಕ್ಕ ಓದಾಕ ಆಗ್ತೈತಿ’ ಎಂದ.

ಈ ಎರಡು ಬಗೆಯ ಪುಸ್ತಕಗಳ ನಡುವಿನ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಲ್ಲ. ಕಾದಂಬರಿಯಲ್ಲಿ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂಬುದು ಕೊನೆಯ ಪುಟದವರೆಗೂ ತಿಳಿಯದು. ಆತ್ಮಕಥೆಯಲ್ಲಿ ಎಂಥ ಕೇಡು ಬಂದರೂ ಅದನ್ನು ದಾಟಿ ಬಂದವರೇ ಪೆನ್ನು ಹಿಡಿದಿರುತ್ತಾರೆ. ಅದು ಮೊದಲ ಸಾಲಿಗೇ ಗೊತ್ತು. ಮೇಲಾಗಿ ಆತ್ಮಕಥೆ ಸಾವಿನ ಹತ್ತಿರ ನಿಂತುಬಿಡುವುದಿಲ್ಲ. ಮರುದಿನ ಊಟ ಎಲ್ಲಿ, ಫೀಸು ಯಾರು ಕಟ್ಟುತ್ತಾರೆ ಎಂಬ ಪ್ರಶ್ನೆ ಎದುರಿಗೆ ಬಂದೇ ಬರುತ್ತದೆ. ‘ಭಿತ್ತಿ’ಯ ಹುಡುಗ ಊದುಬತ್ತಿ ಮಾರುತ್ತಾನೆ, ಮುಂಬೈಗೆ ಹೋಗಿ ಕೂಲಿ ಮಾಡುತ್ತಾನೆ, ಮತ್ತೆ ಓದಿಗೆ ತಿರುಗಿ ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ.ಗೆ ಚಿನ್ನದ ಪದಕ ಪಡೆಯುತ್ತಾನೆ. ಅಪ್ಪನಿಲ್ಲದ ಹುಡುಗನಿಗೆ ಬೇಕಾದದ್ದು ಈ ಮುಂದಿನ ದಿನಗಳ ವಿವರವೇ. ಪುಸ್ತಕದ ಉತ್ತರಾರ್ಧದಲ್ಲಿ ಬರುವ ಕಾಲೇಜಿನ ತಕರಾರು, ಸಾಹಿತ್ಯದ ವಾದವಿವಾದಗಳನ್ನು ಅವನು ಹಾರಿಸಿದ. ನಾನು ತಡೆಯಲಿಲ್ಲ, ಆ ಭಾಗ ಅವನ ವಯಸ್ಸಿನವರಿಗೆ ಭಾರವೇ. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅವರ ಬಗ್ಗೆ, ಅವರ ವಿಚಾರಗಳ ಬಗ್ಗೆ ಜನ ಎಷ್ಟೇ ಜಗಳವಾಡಲಿ, ಈ ಎರಡು ಪುಸ್ತಕ ನಮ್ಮ ಮನೆಗೆ ಮಾಡಿದ ಉಪಕಾರವನ್ನು ನಾನು ಮರೆಯುವುದಿಲ್ಲ.

ಇನ್ನು ಅಕ್ಕನಿಗೆ ದಕ್ಕಿದ ಪುಸ್ತಕ. ಜೋಗತಿ ಕುಣಿತದ ಕಲಾವಿದೆ ಮಂಜಮ್ಮ ಜೋಗತಿ ತಮ್ಮ ಬದುಕನ್ನು ಬಾಯಲ್ಲಿ ಹೇಳಿ, ಅರುಣ್ ಜೋಳದಕೂಡ್ಲಿಗಿ ಅದನ್ನು ಬರಹಕ್ಕಿಳಿಸಿದ ‘ನಡುವೆ ಸುಳಿವ ಹೆಣ್ಣು’. 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಅವರು ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದದ್ದನ್ನು ಅಕ್ಕ ಮೊಬೈಲಿನಲ್ಲಿ ನೋಡಿದ್ದಳು, ‘ಆಕೀನಾ?’ ಎಂದು ಎದ್ದು ಕೂತಳು. ಹುಟ್ಟೂರು ಬಳ್ಳಾರಿ ಸೀಮೆಯ ಕಲ್ಲುಕಂಬ, ನೆಲೆ ನಿಂತದ್ದು ಮರಿಯಮ್ಮನಹಳ್ಳಿ, ಮುತ್ತು ಕಟ್ಟಿಸಿಕೊಂಡು ದೇವಿಗೆ ಮೀಸಲಾಗಿ ಜೋಗತಿಯಾದದ್ದು ಹುಲಿಗಿಯಲ್ಲಿ. ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ನಡೆದು, ಹೊಳೆಯಲ್ಲಿ ಮಿಂದು, ಜೋಗತಿಯರು ನುಡಿಸುವ ಚೌಡಿಕೆಯ ಸಪ್ಪಳ ಕೇಳಿದ ಹೆಂಗಸಿಗೆ ಇದು ಪರಸ್ಥಳದ ಕಥೆಯಲ್ಲ. ಯಾವ ಮೆಟ್ಟಿಲು, ಯಾವ ಕಟ್ಟೆ ಎಂದು ಅವಳೇ ನನಗೆ ವಿವರಿಸಿದಳು.

ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಲು ಹೊರಟ ಮಂಜಮ್ಮನವರು ಕಳೆದುಕೊಂಡದ್ದು ಹೆತ್ತ ಮನೆಯನ್ನು, ಹೆತ್ತವರು ಬದುಕಿದ್ದಾಗಲೇ. ಅಕ್ಕ ಬಹಳ ಹೊತ್ತು ಸುಮ್ಮನಿದ್ದು ‘ನನಗ ಒಬ್ರು ಹೋದ್ರು. ಈಕಿಗೆ ಇದ್ದವರೆಲ್ಲ ಹೋದಂಗ ಆತಲ್ಲ’ ಎಂದಳು. ಗಂಡ ಸತ್ತಾಗಿನಿಂದ ಬೇರೆಯವರ ನೋವಿನ ಬಗ್ಗೆ ಅವಳು ಆಡಿದ ಮೊದಲ ಮಾತು ಅದು. ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಕೂತು ಸತ್ತವರ ಗುಣಗಳನ್ನು ಹಾಡ್ಯಾಡಿ ಅಳುತ್ತಾರಲ್ಲ, ಈ ಪುಸ್ತಕದ ನಡಿಗೆ ಅದರ ಹಾಗೆ: ಅಳು ಬರುತ್ತದೆ, ನಡುವೆಯೇ ನಗು ಬರುತ್ತದೆ, ಹೇಳುವವರ ದನಿ ಮಾತ್ರ ನಿಲ್ಲುವುದಿಲ್ಲ. ದನಿ ಎತ್ತಿ ಓದಲು ಇದಕ್ಕೆ ಸಮನಾದದ್ದು ನಾನು ಓದಿದವುಗಳಲ್ಲಿ ಇಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಮಂಜಮ್ಮನವರು ಒಮ್ಮೆ ಸಾಯಲು ಹೊರಟು ಉಳಿದವರು. ದುಃಖದಲ್ಲಿರುವವರಿಗೆ ಈ ಪುಸ್ತಕ ಕೊಟ್ಟು ಎದ್ದು ಬರಬೇಡಿ. ಮೊದಲು ನೀವು ಓದಿ, ಆ ಭಾಗ ಬಂದಾಗ ಪಕ್ಕದಲ್ಲಿರಿ, ಓದಾದ ಮೇಲೆ ಮಾತಾಡಿ. ನಾನು ಆ ಅಧ್ಯಾಯವನ್ನು ಮುಗಿಸದೆ ಆ ದಿನ ಪುಸ್ತಕ ಮುಚ್ಚಲಿಲ್ಲ. ಬದುಕಿ ಉಳಿದು, ಕಾಳವ್ವ ಜೋಗತಿಯವರ ಜೊತೆ ಸೇರಿ ಕುಣಿತ ಕಲಿತು, ಕೊನೆಗೆ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ತನಕ ಬಾಯಿಂದಲೇ ಹೇಳಿದೆ.

ನೇರವಾಗಿ ಸ್ಫೂರ್ತಿ ತುಂಬುವ ಬರಹಗಳಲ್ಲಿ ನೇಮಿಚಂದ್ರರ ‘ಬದುಕು ಬದಲಿಸಬಹುದು’ ಓದಿದೆವು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದ ಲೇಖಕಿಯ ಅಂಕಣ ಬರಹಗಳಿವು. ಸಣ್ಣ ಸಣ್ಣ ಬರಹ, ಮನಸ್ಸು ಒಂದು ಕಡೆ ನಿಲ್ಲದವರಿಗೂ ಒಂದೊಂದು ದಕ್ಕುತ್ತದೆ. ಆದರೆ ಹೊಸ ದುಃಖಕ್ಕೆ ಇದು ಬೇಡ. ಅಕ್ಕನಿಗೆ ಆಗ ಯಾವ ಒಳ್ಳೆಯ ಮಾತೂ ಮಾತಾಡಿಸಲು ಬಂದವರ ಮಾತಿನಂತೆಯೇ ಕೇಳುತ್ತಿತ್ತು. ಹೊಲಿಗೆ ಯಂತ್ರ ಕೊಳ್ಳಲೋ, ಹಾಸ್ಟೆಲ್ಲಿನಲ್ಲಿ ಅಡುಗೆಗೆ ಹೋಗಲೋ ಎಂದು ತೂಗಿ ನೋಡುವ ಹಂತಕ್ಕೆ ಬಂದಾಗ ಅದೇ ಪುಸ್ತಕವನ್ನು ತಾನಾಗಿಯೇ ತೆಗೆದುಕೊಂಡಳು. ಈಗ ಯಂತ್ರ ಪಡಸಾಲೆಯ ಕಿಟಕಿಯ ಪಕ್ಕ ಇದೆ.

ಕಾದಂಬರಿಗೂ ಜೀವನಕಥೆಗೂ ನಡುವೆ ನಿಲ್ಲುವ ಇನ್ನೊಂದು ಪುಸ್ತಕದ ವಿಷಯದಲ್ಲಿ ಮಾತ್ರ ನಾವಿಬ್ಬರೂ ಒಪ್ಪಿಲ್ಲ. ಎಂ. ಕೆ. ಇಂದಿರಾ ಅವರ 1976ರ ‘ಫಣಿಯಮ್ಮ’. ಕಾದಂಬರಿಯೇ, ಆದರೆ ನಿಜವಾಗಿ ಬಾಳಿದ ಹೆಂಗಸಿನ ಕಥೆ. ಬಾಲ್ಯದಲ್ಲೇ ವಿಧವೆ, ತಲೆ ಬೋಳಿಸಿ ಮೂಲೆಗೆ ಕೂರಿಸಿದ ಜೀವ. ಯಾರ ಮೇಲೂ ಸಿಟ್ಟಿಲ್ಲದೆ ಊರಿಗೆಲ್ಲ ಬೇಕಾದವಳಾಗಿ ನೂರು ದಾಟಿ ಬಾಳಿದಳು. ನನಗೆ ಅದು ದೊಡ್ಡ ಧೈರ್ಯವಾಗಿ ಕಾಣುತ್ತದೆ. ಅದರಲ್ಲೂ ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದಾಗ ಫಣಿಯಮ್ಮ ಅವಳ ಪರ ನಿಲ್ಲುತ್ತಾಳಲ್ಲ, ಅಲ್ಲಿ. ಅಕ್ಕ ಒಪ್ಪುವುದಿಲ್ಲ. ‘ಧೈರ್ಯ ಆ ಹುಡುಗೀದು. ಫಣಿಯಮ್ಮಂದು ತಾಳ್ಮಿ. ಎರಡೂ ಒಂದಲ್ಲ’ ಎನ್ನುತ್ತಾಳೆ. ಕಳೆದ ಭಾನುವಾರವೂ ಇದೇ ಮಾತಾಯಿತು. ಬಸ್ಸಿನ ಹೊತ್ತಾಯಿತೆಂದು ನಾನು ಎದ್ದರೆ, ‘ಆ ದಾಕ್ಷಾಯಿಣಿ ಇರೋ ಪುಟಕ್ಕ ಗುರುತು ಇಟ್ಟು ಹೋಗು, ನಾನಽ ಓದ್ತೀನಿ’ ಎಂದಳು.