ಎಕ್ಸ್-ವೈ ಅಂಕಿ ಹೊಡೆಯೋಕೆ ಜಾಗ ಇಲ್ಲದ ಲೇಸರ್ ಸಾಫ್ಟ್‌ವೇರ್ ನಂಬಿ ಆರ್ಡರ್ ಹಿಡೀಬೇಡಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಸ್ಮರಣಿಕೆ, ನೇಮ್‌ಪ್ಲೇಟ್, ಕೀಚೈನ್ ಮಾಡೋಕೆ ಲೇಸರ್ ಮಷಿನ್ ಹಾಕಿಸುತ್ತಿರುವವರು ಗಮನಿಸಿ. ಜೊತೆಗೆ ಫ್ರೀಯಾಗಿ ಕೊಡುವ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಡಿಸೈನನ್ನು ಮೌಸ್‌ನಲ್ಲಿ ಎಳೆದು ಕೂರಿಸೋದಷ್ಟೇ ಸಾಧ್ಯ, ಅಡ್ಡಕ್ಕೆ ಎಷ್ಟು (ಎಕ್ಸ್), ಉದ್ದಕ್ಕೆ ಎಷ್ಟು (ವೈ) ಅಂತ ಅಂಕಿ ಹೊಡೆಯೋಕೆ ಆಗಲ್ಲ.

ಅಂಥದ್ದರಲ್ಲಿ ಒಂದು ಅಂಗಡಿಯವರು ಶಾಲೆಯೊಂದರ 60 ಮರದ ಫಲಕ ಒಪ್ಪಿಕೊಂಡರು. ಜಿಗ್‌ನಲ್ಲಿ, ಅಂದರೆ ಫಲಕಗಳನ್ನು ಜಾಗದಲ್ಲಿ ಹಿಡಿದಿಡುವ ಟ್ರೇನಲ್ಲಿ, ಸಲಕ್ಕೆ 12. ಮೊದಲ ಟ್ರೇ ಚೆನ್ನಾಗೇ ಬಂತು. ಎರಡನೆಯದಕ್ಕೆ ಎಡಗಡೆ ಪುಟ್ಟ ಲೋಗೊ ಸೇರಿಸಿದರು. ಅದು ಹಳೇ ಅಂಚಿಗಿಂತ 8 ಮಿ.ಮೀ. ಆಚೆ ಚಾಚಿತ್ತು. ಸಾಫ್ಟ್‌ವೇರ್ ಶುರುಮಾಡೋದು ಲೇಸರ್ ಹೆಡ್ ನಿಂತ ಜಾಗದಿಂದ, ಅಳೆಯೋದು ಇಡೀ ಚಿತ್ರದ ಎಡ ಅಂಚಿನಿಂದ. ಎಲ್ಲ ಹೆಸರೂ 8 ಮಿ.ಮೀ. ಬಲಕ್ಕೆ ಜಾರಿ ಟ್ರೇ ಪೂರ್ತಿ ಸೌದೆ. ಕಣ್ಣಿಗೆ ಬೀಳದ ಒಂದು ಚುಕ್ಕೆ ಆಚೆ ಉಳಿದಿದ್ದರೂ ಇದೇ ಗತಿ.

ಅಂಕಿ ಹೊಡೆಯುವ ಸೌಲಭ್ಯ ಯಾವಾಗ ಅಂತ ಮಾರಿದವರನ್ನು ಕೇಳಿದರೆ, "ಕಂಪನಿಗೆ ಹೇಳಿದ್ದೀವಿ, ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತೆ." ಮೂಗಿಗೆ ತುಪ್ಪ ಸವರುವ ಮಾತು.

ಸದ್ಯಕ್ಕೊಂದು ದಾರಿ ಇದೆ. ಜಿಗ್‌ನ ಎಡ-ಕೆಳ ಮೂಲೆಯ ವೇಸ್ಟ್ ಜಾಗಕ್ಕೆ ಬೀಳುವಂತೆ 1 ಮಿ.ಮೀ. ಗುರುತು ಹಾಕಿ, ಕಡಿಮೆ ಪವರ್‌ನಲ್ಲಿ ಸುಡುವಂತೆ ಪ್ರತಿ ಫೈಲಿನಲ್ಲೂ ಅದೇ ಜಾಗದಲ್ಲಿಡಿ. ಉಳಿದದ್ದೆಲ್ಲ ಅದರ ಬಲಕ್ಕೆ, ಮೇಲಕ್ಕೇ ಇರಲಿ, ಅಂಚು ಬದಲಾಗುವುದಿಲ್ಲ. ಜಿಗ್ ಎಂಡಿಎಫ್‌ನದ್ದು (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ನಮ್ಮ ಮಳೆಗಾಲದ ತೇವಕ್ಕೆ ಅದು ಉಬ್ಬುತ್ತೆ. 3 ಮಿ.ಮೀ. ಅಕ್ರಿಲಿಕ್ ಆದರೆ ನಿಲ್ಲುತ್ತೆ.

ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಪರೀಕ್ಷೆ ಮಾಡಿಸಿ. 10 ಮಿ.ಮೀ. ಚೌಕ ಬರೆದು ಎಕ್ಸ್ 100, ವೈ 50 ಅಂತ ಅಂಕಿ ಹೊಡೆದು ರಟ್ಟಿನ ಮೇಲೆ ಕತ್ತರಿಸಿ. ರಟ್ಟನ್ನು ಅಲುಗಿಸದೆ 300, 150ಕ್ಕೆ ಬದಲಿಸಿ ಇನ್ನೊಂದು. ನಡುವಿನ ಅಂತರ 200 ಮತ್ತು 100 ಬರಬೇಕು. 198 ಬಂದರೆ ಸಾಫ್ಟ್‌ವೇರ್ ಬೈಯಬೇಡಿ, ಒಂದು ಮಿ.ಮೀ. ಸರಿಯೋಕೆ ಮೋಟಾರ್ ಇಷ್ಟು ಸ್ಟೆಪ್ ತಿರುಗಬೇಕು ಅನ್ನುವ ಸೆಟ್ಟಿಂಗ್ ತಪ್ಪಿದೆ: 80 ಇದ್ದರೆ 80×200÷198, ಅಂದರೆ 80.81 ಮಾಡಿ. ಅಂತರ ಸರಿಯಿದ್ದು ಎರಡೂ ಚೌಕ ಒಂದೇ ಅಳತೆಯಷ್ಟು ಸರಿದಿದ್ದರೆ ತಪ್ಪಿರೋದು ಸೊನ್ನೆ ಬಿಂದು, ಅಂದರೆ ಮಷಿನ್ ಅಳತೆ ಶುರುಮಾಡುವ ಜಾಗ.

ಲೈನ್ ದಪ್ಪವೂ ಮೋಸ ಮಾಡುತ್ತೆ. 1 ಮಿ.ಮೀ. ದಪ್ಪದ ಗೆರೆಯನ್ನೂ ಅಳತೆಗೆ ಸೇರಿಸುವ ಪ್ರೋಗ್ರಾಂನಲ್ಲಿ 100ರ ಚೌಕ 101 ಅಂತ ತೋರಿಸುತ್ತೆ, ಎಕ್ಸ್ 20 ಹೊಡೆದರೆ ಕಟ್ ಬೀಳೋದು 20.5ರಲ್ಲಿ. ಇಂಕ್‌ಸ್ಕೇಪ್ ಅನ್ನುವ ಫ್ರೀ ಡ್ರಾಯಿಂಗ್ ಪ್ರೋಗ್ರಾಂನಲ್ಲಿ ಇದನ್ನು ಪ್ರಿಫರೆನ್ಸಸ್‌ನಲ್ಲಿ ಬದಲಿಸಬಹುದು. ಇಂಚಿಗೆ 72 ಚುಕ್ಕೆ (ಡಿಪಿಐ) ಲೆಕ್ಕದ ಎಸ್‌ವಿಜಿ ಡ್ರಾಯಿಂಗ್ ಫೈಲನ್ನು ಸಾಫ್ಟ್‌ವೇರ್ 96 ಅಂತ ಓದಿದರಂತೂ 100 ಮಿ.ಮೀ. 75 ಆಗಿಬಿಡುತ್ತೆ.

ಹೆಡ್ ಅಂಚು ಮುಟ್ಟಿದ್ದನ್ನು ತಿಳಿಸುವ ಲಿಮಿಟ್ ಸ್ವಿಚ್ ಇಲ್ಲದ ಅಗ್ಗದ ಡಯೋಡ್ ಲೇಸರ್ ಮಷಿನ್‌ಗಳಿಗೆ ಕರೆಂಟ್ ಬಂದಾಗ ಹೆಡ್ ಎಲ್ಲಿತ್ತೋ ಅದೇ ಸೊನ್ನೆ. ಆಷಾಢದಲ್ಲಿ ಮಲೆನಾಡಿನ ಕರೆಂಟ್ ಹೇಗೆ ಅಂತ ಹೇಳಬೇಕಾಗಿಲ್ಲ. ಯುಪಿಎಸ್ ಇಲ್ಲದಿದ್ದರೆ ಅರ್ಧ ಕೆತ್ತಿದ ಫಲಕ ಮತ್ತೆ ಕೂಡೋದಿಲ್ಲ.

ಕಂಪನಿಯನ್ನು ಈ ಫೀಚರ್ ಕೇಳುವಾಗ "ಪೊಸಿಷನ್ ಸರಿಯಿಲ್ಲ" ಅಂತ ಬರೆದರೆ ಯಾರೂ ತಿರುಗಿ ನೋಡಲ್ಲ. ಹೀಗೆ ಬರೆಯಿರಿ: "ಆಯ್ದ ವಸ್ತುವಿನ ಎಕ್ಸ್, ವೈ, ಅಗಲ, ಎತ್ತರ 0.01 ಮಿ.ಮೀ.ವರೆಗೆ ಟೈಪ್ ಮಾಡುವಂತಿರಲಿ. ಅಳತೆ ಯಾವ ಮೂಲೆಯಿಂದ ಅಥವಾ ಮಧ್ಯದಿಂದ ಅಂತ ಒಂಬತ್ತು ಬಿಂದುಗಳಲ್ಲಿ ಆರಿಸುವಂತಿರಲಿ. ಮಷಿನ್ ಸೊನ್ನೆಯಿಂದಲೋ ಹೆಡ್ ನಿಂತಲ್ಲಿಂದಲೋ ಆಯ್ಕೆ ಇರಲಿ." ಲೈಟ್‌ಬರ್ನ್ ಅನ್ನುವ ಲೇಸರ್ ಸಾಫ್ಟ್‌ವೇರ್‌ನಲ್ಲಿ ಈ ಮೂರೂ ಇವೆ, ಬೇಕಾದರೆ ಮಾದರಿಗೆ ತೋರಿಸಿ. ವರ್ಷನ್ ನಂಬರ್, ಕಂಟ್ರೋಲರ್ ಬೋರ್ಡ್ ಹೆಸರು, ಹೊಡೆದ ಅಂಕಿ, ಕ್ಯಾಲಿಪರ್‌ನಲ್ಲಿ ಬಂದ ಅಳತೆ, ಫೈಲ್ ಲಗತ್ತಿಸಿ. ಅಪ್‌ಡೇಟ್ ಬಂದು ಮೇಲಿನ ಚೌಕದ ಪರೀಕ್ಷೆ ನಿಮ್ಮ ಮಷಿನ್‌ನಲ್ಲೇ ಪಾಸಾದ ಮೇಲೆ ಬಾಕಿ ಹಣ ಅಂತ ಬಿಲ್‌ನಲ್ಲೇ ಬರೆಸಿ.