ಇಸಬ್‌ಗೋಲ್, ಬೆಳ್ಳುಳ್ಳಿ, ಹೊಳೆಮತ್ತಿ: ಹೃದಯಕ್ಕೆ ಯಾವುದು?

ವೈದ್ಯರು ಕೊಟ್ಟ ಮಾತ್ರೆಯ ಜೊತೆಗೆ, ಅದರ ಬದಲಿಗಲ್ಲ, ಸಸ್ಯಮೂಲದ್ದೇನನ್ನಾದರೂ ಸೇರಿಸಬಯಸುವವರು ಮೊದಲು ತಮ್ಮ ತೊಂದರೆ ಯಾವುದೆಂದು ನೋಡಬೇಕು. ಕೆಟ್ಟ ಕೊಲೆಸ್ಟ್ರಾಲ್ ತುಸು ಹೆಚ್ಚಿದ್ದರೆ ಮೂರರಲ್ಲಿ ಇಸಬ್‌ಗೋಲ್‌ಗೇ ಪುರಾವೆ ಗಟ್ಟಿ. ಅದರ ಲೋಳೆ ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದು ಹೊರಹಾಕುವುದರಿಂದ, ಹೊಸದನ್ನು ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟ್ರಾಲನ್ನೇ ಬಳಸುತ್ತದೆ. ಬೆಲೆಯೂ ಕಡಿಮೆ, ಆದರೆ ತುಂಬು ಲೋಟ ನೀರು ಬೇಕು, ಬೇರೆ ಮಾತ್ರೆಗಳಿಂದ ಅಂತರವೂ ಬೇಕು.

ರಕ್ತದೊತ್ತಡ ಹೆಚ್ಚಿರುವವರಿಗೆ ಬೆಳ್ಳುಳ್ಳಿ ಸಾರ ಅಲ್ಪಸ್ವಲ್ಪ ನೆರವಾಗಬಹುದು. (ಜಜ್ಜದೆ ಇಡಿಯಾಗಿ ಒಗ್ಗರಣೆಗೆ ಹಾಕಿದ ಎಸಳಿನಲ್ಲಿ ಅದರ ಮುಖ್ಯ ಸಕ್ರಿಯ ಅಂಶವಾದ ಆಲಿಸಿನ್ ಹುಟ್ಟುವುದೇ ಕಷ್ಟ.) ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಸೇವಿಸುವವರಿಗೂ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರಿಗೂ ಬೆಳ್ಳುಳ್ಳಿ ಸಾರ ತಕ್ಕದ್ದಲ್ಲ.

ಹೊಳೆಮತ್ತಿ (ಅರ್ಜುನ ಮರ) ತೊಗಟೆಯನ್ನು ಹಾಲುನೀರಿನಲ್ಲಿ, ನೀರು ಇಂಗಿ ಹಾಲಷ್ಟೇ ಉಳಿಯುವವರೆಗೆ ಕುದಿಸುವ ಕ್ಷೀರಪಾಕ ಶ್ರಮದ ಕೆಲಸ. ಹೊಳೆಮತ್ತಿಯ ಮೇಲೆ ನಡೆದ ವೈದ್ಯಕೀಯ ಪ್ರಯೋಗಗಳೂ ಚಿಕ್ಕವು. ಆಯುರ್ವೇದ ವೈದ್ಯರು ಮತ್ತು ಹೃದ್ರೋಗ ತಜ್ಞರು ಇಬ್ಬರ ನಿಗಾ ಇರುವವರು ಮಾತ್ರ ಅದನ್ನು ಪರಿಗಣಿಸಬಹುದು.